ಕಣಿವೆ ಜಿಲೇಬಿ

ನನ್ನನ್ನು ಒಂದು ಕಡೆ ಕೂರಿಸುವುದು ಇದುವರೆಗೆ ಯಾರಿಂದಲೂ ಆಗಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಮಜ್ಜಿಗೆ ಬರುವ ಮೊದಲೇ ಎದ್ದಿರುತ್ತೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಎರಡು ಸಲ ಜಾಗ ಬದಲಾಯಿಸುತ್ತೇನೆ. ಅರವತ್ತು ದಾಟಿದ ಮೇಲಾದರೂ ಕಾಲು ನಿಂತೀತು ಅಂದುಕೊಂಡಿದ್ದೆ, ನಿಲ್ಲಲಿಲ್ಲ. ನಮ್ಮ ಮನೆಯವರು ಇದನ್ನು ಹಟ ಎನ್ನುತ್ತಾರೆ, ಮಗಳು ಬಿಪಿ ಎನ್ನುತ್ತಾಳೆ. ಇಬ್ಬರಿಗೂ ಗೊತ್ತಿಲ್ಲ. ಇದು ಹಿರಿಯೂರಿನ ನಮ್ಮ ಮನೆಯಿಂದ, ಅಪ್ಪನಿಂದ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಮಾರಿಕಣಿವೆ ಅಣೆಕಟ್ಟಿನ ನೀರಿನಿಂದ ಬಂದದ್ದು. ಆ ನೀರು ಒಂದು ಗೇಣು ಏರಿದರೂ ಒಂದು ಗೇಣು ಇಳಿದರೂ ಇಪ್ಪತ್ತು ಕಿಲೋಮೀಟರು ದೂರದ ನಮ್ಮ ಮನೆಯಲ್ಲಿ ಇಬ್ಬರಿಗೆ ಊಟ ರುಚಿಸುತ್ತಿರಲಿಲ್ಲ. ಒಬ್ಬ ಅಪ್ಪ, ಇನ್ನೊಬ್ಬಳು ನಾನು.

ನಮ್ಮದು ಹಿಟ್ಟಿನ ಗಿರಣಿ ಮನೆ. ಬೀದಿಗೆ ಗಿರಣಿ, ಅದರ ಬೆನ್ನಿಗೆ ಪಡಸಾಲೆ, ಪಡಸಾಲೆಯ ಬಲಕ್ಕೆ ದೇವರ ಕೋಣೆ, ಎಡಕ್ಕೆ ಅಡಿಗೆಮನೆ, ಹಿಂದೆ ಹಿತ್ತಿಲು. ಗಿರಣಿ ಶುರುವಾದರೆ ಮನೆಯೆಲ್ಲ ನಡುಗುತ್ತಿತ್ತು. ಅಡಿಗೆಮನೆಯ ಹಲಗೆಯ ಮೇಲಿನ ಲೋಟಗಳು ಕಿಣಿಕಿಣಿ ಎನ್ನುತ್ತ ಅಂಚಿನವರೆಗೆ ನಡೆದು ಬರುತ್ತಿದ್ದವು, ಅಮ್ಮ ದಿನಕ್ಕೆ ಹತ್ತು ಸಲ ಅವನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಗೋಡೆ, ಕ್ಯಾಲೆಂಡರು, ಬಾಗಿಲ ತೋರಣ, ಅಪ್ಪನ ಹುಬ್ಬು, ಎಲ್ಲದರ ಮೇಲೂ ಹಿಟ್ಟು. ಒರೆಸಿ ಒರೆಸಿ ಅಮ್ಮನ ಸಿಟ್ಟು ಒಂದು ದಿನವೂ ಆರಲಿಲ್ಲ. ಕರೆಂಟ್ ಹೋಯಿತೆಂದರೆ ಊರಿಗೆಲ್ಲ ಬೇಸರ, ನಮ್ಮಪ್ಪನಿಗೆ ಹಬ್ಬ. ಗಿರಣಿಯ ಪಟ್ಟಿ ತಿರುಗುವುದು ನಿಲ್ಲುವ ಮೊದಲೇ ಅವನ ಪಾದ ನೆಲಕ್ಕೆ ತಟ್ಟಲು ಶುರು ಮಾಡುತ್ತಿತ್ತು. ಬಾಗಿಲಿಗೆ ಹೋಗುವನು, ಆಕಾಶ ನೋಡುವನು, ಒಳಗೆ ಬರುವನು, ಮತ್ತೆ ಬಾಗಿಲಿಗೆ ಹೋಗುವನು. ಅವನ ಹಿಂದೆ ನಾನು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವು ಎಂದು ಅಮ್ಮ ಇಬ್ಬರನ್ನೂ ಒಟ್ಟಿಗೇ ಬೈಯುತ್ತಿದ್ದಳು.

ಅಪ್ಪ ಗಾಳ ಹಾಕುತ್ತಿದ್ದ. ಇಷ್ಟು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು, ಯಾಕೆಂದರೆ ನಮ್ಮದು ಲಿಂಗ ಕಟ್ಟಿದ ಮನೆ. ಮೀನು ಹಾಗಿರಲಿ, ಮೀನಿನ ಹೆಸರು ಕೂಡ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಅಪ್ಪನ ಅವ್ವ, ನನ್ನ ಅಜ್ಜಿ, ಸಂತೆಯಲ್ಲಿ ಮೀನಿನವರು ಕೂರುವ ಸಾಲು ತಪ್ಪಿಸಲು ಇಡೀ ಒಂದು ಬೀದಿ ಸುತ್ತಿಕೊಂಡು ಬರುವವಳು. ಅವಳ ಹೊಟ್ಟೆಯಲ್ಲಿ ಹುಟ್ಟಿದ ಅಪ್ಪ ಮೀನು ಹಿಡಿಯುತ್ತಿದ್ದ, ಮತ್ತೆ ನೀರಿಗೇ ಬಿಡುತ್ತಿದ್ದ. ತಿನ್ನುವ ಮಾತೇ ಇರಲಿಲ್ಲ. ಬಿದಿರಿನ ತುದಿಯ ಸಣ್ಣ ಕೋಲು, ಹೊಲಿಗೆ ದಾರಕ್ಕಿಂತ ತೆಳುವಾದ ನೈಲಾನ್ ದಾರ, ನೀರಿನ ಮೇಲೆ ತೇಲಲು ಜೋಳದ ದಂಟಿನ ತಿರುಳಿನ ಬೆಂಡು. ಗಾಳದ ಒಳಮುಳ್ಳನ್ನು ಗಿರಣಿ ಕಲ್ಲಿಗೆ ತೇಯ್ದು ನುಣ್ಣಗೆ ಮಾಡಿರುತ್ತಿದ್ದ, ಬಿಡಿಸುವಾಗ ಮೀನಿನ ಬಾಯಿ ಹರಿಯಬಾರದು ಎಂದು. ದೊಡ್ಡ ಮೀನು ಸಿಕ್ಕರೆ ದಾರ ಹರಿದುಕೊಂಡು ಹೋಗಲಿ ಎಂದೇ ಅಷ್ಟು ತೆಳು ದಾರ. ಎರೆಹುಳು ಮುಟ್ಟುತ್ತಿರಲಿಲ್ಲ. ಗೋಧಿ ಹಿಟ್ಟಿಗೆ ಬೆಲ್ಲ, ಇಂಗು ಸೇರಿಸಿ ಕಲಸಿದ ಉಂಡೆಯೇ ಅವನ ಮೇವು. ಅದನ್ನು ಕಲಸುವುದು ನನ್ನ ಕೆಲಸ. ಕೋಲು ಗಿರಣಿಯ ಮೂಲೆಯಲ್ಲೇ ಇರುತ್ತಿತ್ತು. ಹಿಟ್ಟು ಇಳಿಯದಿದ್ದರೆ ತಿವಿಯುವ ಕೋಲು ಎಂದು ಅಜ್ಜಿ ನಂಬಿದ್ದಳು. ಅಮ್ಮನಿಗೆ ಎಲ್ಲ ಗೊತ್ತಿತ್ತು, ಆದರೆ ಅವಳ ಜಗಳ ಮೀನಿನದಲ್ಲ, ಇಂಗಿನದು.

“ಮೊನ್ನೆ ತಂದ ಇಂಗು ಎಲ್ರೀ? ಸಾರಿಗೆ ಒಂದು ಚಿಟಿಕೆ ಇಲ್ಲ.”

“ಇಲಿ ತಿಂದಿರ್ಬೇಕು.”

“ಇಂಗು ತಿನ್ನೋ ಇಲಿ ಈ ಮನೇಲಿ ಒಂದೇ ಐತೆ. ಅದನ್ನ ನಾನೇ ಕಟ್ಕಂಡಿದೀನಿ.”

ಅಪ್ಪನಿಗೆ ಈ ಹುಚ್ಚು ಹಿಡಿಸಿದವನು ಬುಡೇನ್ ಚಾಚಾ. ಬಸ್‌ಸ್ಟಾಂಡಿನ ಹಿಂದಿನ ಗಲ್ಲಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಅಂಗಡಿ ಅವನದು. ಅವನ ಮುತ್ತಜ್ಜನ ಮುತ್ತಜ್ಜನೂ ಅದೇ ಗಲ್ಲಿಯಲ್ಲಿ ಅದೇ ತಿದಿ ಒತ್ತಿದವನಂತೆ. ಚಾಚಾ ಹಿಡಿದದ್ದನ್ನು ಮನೆಗೆ ಒಯ್ಯುವನು, ಅಪ್ಪ ಹಿಡಿದದ್ದನ್ನು ಬಿಡುವನು. ಈ ವಿಷಯಕ್ಕೆ ಅವರಿಬ್ಬರೂ ದಡದ ಮೇಲೆ ಕುಂತು ಆಡುತ್ತಿದ್ದ ಮಾತು ಪ್ರತಿ ಸಲವೂ ಒಂದೇ.

“ಬಿಡೋದಾದ್ರೆ ಹಿಡಿಯೋದ್ಯಾಕೆ ಶೇಖ್ರಣ್ಣ? ನಮ್ಮನೇಲಿ ಕೇಳಿ ಕೇಳಿ ನಗ್ತಾರೆ.”

“ನೀನು ಜನರ ಪಾತ್ರೆಗೆ ಕಲಾಯಿ ಹಾಕಿ ವಾಪಸ್ ಕೊಡ್ತೀಯಲ್ಲ. ಮನೇಲಿ ಇಟ್ಕಂತೀಯಾ?”

ನನ್ನನ್ನು ಕರೆದುಕೊಂಡು ಹೋಗುವ ಮೊದಲ ದಿನವೇ ಅಪ್ಪ ಒಂದು ಮಾತು ಹೇಳಿದ್ದ. ಸ್ಕೂಟರಿನ ಮುಂದೆ ನಿಂತಿದ್ದ ನನ್ನ ತಲೆಯ ಮೇಲಿನಿಂದ, ದಾರಿ ನೋಡುತ್ತಲೇ ಹೇಳಿದ್ದ.

“ನಿಮ್ಮಜ್ಜಿಗೆ ಗೊತ್ತಾದ ದಿನ ಈ ಕೋಲು ಮುರಿದು ಒಲೆಗೆ ಹಾಕ್ತೀನಿ. ನಾನೂ ಬರಲ್ಲ, ನೀನೂ ಬರಲ್ಲ. ಅವ್ವನ ಮುಂದೆ ನಿಂತು ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ.”

ಹಾಗಾಗಿ ಅವನು ಸುಳ್ಳು ಹೇಳಲಿಲ್ಲ, ಜಿಲೇಬಿ ಎಂದ. ಕಣಿವೆಯ ತೆಳು ನೀರಿನಲ್ಲಿ ಹೆಚ್ಚಾಗಿ ಸಿಗುತ್ತಿದ್ದದ್ದು ಜಿಲೇಬಿ ಮೀನು. ಮೀನು ತಿನ್ನುವವರಿಗೆಲ್ಲ ಗೊತ್ತಿರುವ ಹೆಸರು. ಮೀನು ತಿನ್ನದ ನಮ್ಮ ಮನೆಯಲ್ಲಿ ಜಿಲೇಬಿ ಎಂದರೆ ಬಾಣಲೆಯಿಂದ ಪಾಕಕ್ಕೆ ಬೀಳುವ ಜಿಲೇಬಿ ಒಂದೇ. ಅಪ್ಪನೂ ಬುಡೇನ್ ಚಾಚಾನೂ ಗಿರಣಿ ಬಾಗಿಲಲ್ಲಿ ನಿಂತು ರಾಜಾರೋಷವಾಗಿ ಜಿಲೇಬಿಯ ಮಾತು ಆಡುತ್ತಿದ್ದರು. ಪಡಸಾಲೆಯ ಕಂಬಕ್ಕೊರಗಿ ಬತ್ತಿ ಹೊಸೆಯುತ್ತ ಅಜ್ಜಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕಣಿವೆಯ ಹತ್ತಿರ ಯಾವುದೋ ಒಳ್ಳೆಯ ಜಿಲೇಬಿ ಅಂಗಡಿ ಇದೆ, ಮಗ ವಾರಕ್ಕೊಮ್ಮೆ ಸ್ನೇಹಿತನ ಜೊತೆ ಹೋಗಿ ಹೊಟ್ಟೆ ತುಂಬ ತಿಂದು ಬರುತ್ತಾನೆ, ಬರುವಾಗ ಅಲ್ಲಿನ ಗುಡಿಯ ಮಾರಮ್ಮನ ಕುಂಕುಮ ತರುತ್ತಾನೆ ಎಂದು ಅವಳ ಲೆಕ್ಕ. ಅಷ್ಟು ಜಿಲೇಬಿ ತಿಂದರೂ ನನ್ನ ಮಗನ ಮೈಗೆ ಹತ್ತಲಿಲ್ಲವಲ್ಲ ಎಂದು ಅಕ್ಕಪಕ್ಕದವರಲ್ಲಿ ಪೇಚಾಡುತ್ತಿದ್ದಳು.

ಅಪ್ಪನ ಪಂಚಾಂಗದಲ್ಲಿ ತಿಂಗಳುಗಳಿರಲಿಲ್ಲ, ಮಳೆಗಳಿದ್ದವು. ನಮ್ಮ ಸೀಮೆಯಲ್ಲಿ ಆರಿದ್ರೆಯಿಂದ ಪುಷ್ಯದವರೆಗೆ ಮಳೆ ಹೆಸರಿಗಷ್ಟೇ, ಬರುವುದು ಗಾಳಿ. ಈಗ ದುರ್ಗದ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿದ್ದಾರೆ. ಆಗ ಆ ಗಾಳಿಗೆ ತಿರುಗಲು ನಮ್ಮಪ್ಪ ಒಬ್ಬನೇ ಇದ್ದ. ಬೀಸಿದ ತೆಳು ದಾರ ಹಿಂದಕ್ಕೆ ಹಾರಿ ಮುಖಕ್ಕೇ ಸುತ್ತಿಕೊಳ್ಳುವುದು, ಮೂಡಲ ದಡದ ನೀರು ಚಹಾದ ಬಣ್ಣಕ್ಕೆ ಕದಡುವುದು, ಮೀನು ಆಳಕ್ಕೆ ಇಳಿದು ಕಾಣೆಯಾಗುವುದು. ಆ ಒಂದೂವರೆ ತಿಂಗಳು ಅಪ್ಪ ಮನೆಯಲ್ಲಿ ಇದ್ದೂ ಇರುತ್ತಿರಲಿಲ್ಲ. ಮಾಡಿದ ಬೆಂಡನ್ನೇ ಮತ್ತೆ ಮಾಡುವನು, ನಾನು ಕೂತಲ್ಲೇ ಕಾಲು ಕುಣಿಸುವೆನು, ಅಮ್ಮ ನನ್ನ ಮಂಡಿಗೆ ಸೌಟಿನಲ್ಲಿ ಒಂದು ಕೊಡುವಳು. ಹಸ್ತ, ಚಿತ್ತೆ ಬಂದು ವೇದಾವತಿಯಲ್ಲಿ ಕೆಂಪು ನೀರು ಬಂತೆಂದರೆ ಕಥೆ ಬೇರೆ. ಹಿನ್ನೀರು ಹುಲ್ಲಿನ ಮೇಲೆ, ಜಾಲಿ ಗಿಡದ ಬುಡಕ್ಕೆ, ನಿನ್ನೆ ದನ ಮೇಯ್ದ ಜಾಗಕ್ಕೆ ಏರುತ್ತಿತ್ತು. ನೀರಿನ ಹಿಂದೆಯೇ ಮೀನು. ಸ್ವಾತಿಯ ಹೊತ್ತಿಗೆ ಪಾದ ಮುಳುಗುವಷ್ಟೇ ನೀರಿನಲ್ಲಿ, ಹುಲ್ಲಿನ ನಡುವೆ, ಅವುಗಳ ಬಾಲ ಹೊರಗೆ ಆಡುವುದು ಕಾಣುತ್ತಿತ್ತು. ಚಪ್ಪಲಿ ಬಿಟ್ಟು, ನೆರಳು ನೀರಿಗೆ ಬೀಳದ ಹಾಗೆ, ಉಸಿರು ಹಿಡಿದು ನಡೆಯಬೇಕು. ಎಲ್ಲೂ ನಿಲ್ಲದ ನಾನು ಅಲ್ಲಿ ಮಾತ್ರ ನಿಲ್ಲುತ್ತಿದ್ದೆ.

ಚಳಿಗಾಲ ಜುಗ್ಗತನದ್ದು. ಬೆಳಿಗ್ಗೆ ಹೋದರೆ ನೀರು ಖಾಲಿ. ಹನ್ನೊಂದು ಗಂಟೆಯ ಬಿಸಿಲಿಗೆ ಕಪ್ಪು ಕೆಸರಿನ ಮೇಲಿನ ಮೊಣಕಾಲು ನೀರು ಬೆಚ್ಚಗಾದಾಗ ಒಂದೆರಡು ಮೀನು ಮೆಲ್ಲಗೆ ಬರುತ್ತಿದ್ದವು. ಕಚ್ಚಿದರೂ ಬೆಂಡು ಮುಳುಗುತ್ತಿರಲಿಲ್ಲ, ಸ್ವಲ್ಪ ವಾಲುತ್ತಿತ್ತು ಅಷ್ಟೇ. ಆ ವಾಲುವುದು ದಪ್ಪ ದಾರಕ್ಕೆ ತಿಳಿಯುವುದಿಲ್ಲ. ಆಮೇಲೆ ಬೇಸಿಗೆ. ನೀರು ಇಳಿದು, ಕೆಸರು ಬಿಚ್ಚಿಕೊಂಡು, ದಡ ದಿನಕ್ಕೊಂದು ಹೆಜ್ಜೆ ನಮ್ಮಿಂದ ದೂರ ಸರಿಯುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ನೀರು ಕಾದ ಕಡೆಯಲ್ಲಿ ಗಂಡು ಜಿಲೇಬಿಗಳು ಕೆಸರಿನಲ್ಲಿ ಊಟದ ತಟ್ಟೆಯಷ್ಟು ಅಗಲದ ದುಂಡು ಗುಳಿ ತೋಡುತ್ತಿದ್ದವು, ಸಾಲಾಗಿ, ಪಂಕ್ತಿ ಹಾಕಿದ ಹಾಗೆ. ಗುಳಿಯ ಮೇಲೆ ಅಪ್ಪ ಗಾಳ ಹಾಕುತ್ತಿರಲಿಲ್ಲ. ಗುಳಿ ಇಲ್ಲದ ಕಡೆ, ಮುಂಜಾನೆ ಮಾತ್ರ, ಅದೂ ಹತ್ತು ಗಂಟೆಯೊಳಗೆ. ಇಷ್ಟೂ ಕಾಲಜ್ಞಾನ ಜಿಲೇಬಿಯ ಹೆಸರಿನಲ್ಲೇ ಪಡಸಾಲೆಗೆ ಬರುತ್ತಿದ್ದರಿಂದ ಅಜ್ಜಿ ಅದಕ್ಕೆಲ್ಲ ತನ್ನದೇ ಅರ್ಥ ಕಟ್ಟಿಕೊಂಡಿದ್ದಳು.

“ಗಾಳಿ ಬಿಟ್ಟೈತೆ ಶೇಖ್ರಣ್ಣ. ಜಿಲೇಬಿ ಎಲ್ಲಿ ಬರ್ತಾವೆ?” ಎಂದು ಚಾಚಾ ಅಂದರೆ, ಅಜ್ಜಿ ನನಗೆ ಪಿಸುಗುಟ್ಟುವಳು:

“ಪಾಪ, ಗಾಳೀಲಿ ಅವನ ಒಲೆ ಹತ್ತಲ್ಲ.”

“ಚಳೀಲಿ ಬಿಸಿಲೇರೋತನಕ ಜಿಲೇಬಿ ಇಲ್ಲ” ಎಂದು ಅಪ್ಪ ಅಂದರೆ:

“ಮತ್ತೆ, ಚಳೀಗೆ ಹಿಟ್ಟು ಹುದುಗ್ಬೇಕಲ್ಲ.”

“ಬಿಸ್ಲು ಕಾಲಕ್ಕೆ ದಡದಾಗೇ ತಟ್ಟೆ ತಟ್ಟೆ ಹರಡ್ಕಂಡಿರ್ತಾವೆ” ಎಂಬ ಚಾಚಾನ ಮಾತಿಗೂ ಅವಳಲ್ಲಿ ಉತ್ತರ ಇತ್ತು. ಕಣಿವೆಗೆ ಬರುವ ಭಕ್ತರಿಗೆ ಅಂಗಡಿಯವನು ತಟ್ಟೆಯಲ್ಲಿಟ್ಟು ಮಾರುತ್ತಾನೆ. ನಾನು ತುಟಿ ಕಚ್ಚಿಕೊಂಡು ಹಿತ್ತಿಲಿಗೆ ಓಡುತ್ತಿದ್ದೆ. ಹೀಗೆ ಎರಡು ಜಿಲೇಬಿಗಳು ನಮ್ಮ ಮನೆಯಲ್ಲಿ ಒಂದಕ್ಕೊಂದು ಎದುರಾಗದೆ ಎಷ್ಟೋ ವರ್ಷ ಬಾಳಿದವು.

ನನಗೆ ಹತ್ತು ವರ್ಷವಿರಬೇಕು. ಶಿವರಾತ್ರಿಗೆ ಮೊದಲಿನ ಸೋಮವಾರ ನಮ್ಮಲ್ಲಿ ಅಯ್ಯನವರ ಪಾದಪೂಜೆ. ಹಳ್ಳಿಯ ಮಠದ ಹಿರಿಯ ಅಯ್ಯನವರು, ನಮ್ಮ ಮನೆಗೆ ಬರುವುದು ಅಪರೂಪ. ಅಜ್ಜಿ ಹದಿನೈದು ದಿನದಿಂದ ಅದೇ ಧ್ಯಾನದಲ್ಲಿದ್ದಳು. ಹೋಳಿಗೆ ಮನೆಯಲ್ಲೇ ಆಗುತ್ತದೆ, ಆದರೆ ಅಯ್ಯನವರಿಗೆ ಸಿಹಿ ಎಂದರೆ ಪ್ರಾಣ, ಇನ್ನೊಂದು ಏನಾದರೂ ಇರಲಿ ಎಂದು ಅವಳಿಗೆ ಹೊಳೆದಿದೆ. ಶನಿವಾರ ಕಲಾಯಿ ಹಾಕಿದ ಪಾತ್ರೆ ಕೊಡಲು ಬುಡೇನ್ ಚಾಚಾ ಹಿತ್ತಿಲ ಬಾಗಿಲಿಗೆ ಬಂದಿದ್ದಾನೆ. ಆಗ ನಡೆದ ಮಾತು ನಾನು ಕೇಳಿಸಿಕೊಂಡಿರಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆಮೇಲೆ ಚಾಚಾ ಹಣೆ ಹಣೆ ಚಚ್ಚಿಕೊಂಡು ಹೇಳಿದ್ದು ಇದು.

“ಏನಪ್ಪ ಬುಡೇನ, ಸೋಮ್ವಾರ ನಮ್ಮನೆಗೆ ಅಯ್ಯನೋರು ಬರ್ತಾರೆ. ಎರಡು ಕೆಜಿ ಜಿಲೇಬಿ ತಂದ್ಕೊಡು. ನಮ್ಮ ಶೇಖರ ಯಾವಾಗ್ಲೂ ಹೊಗಳ್ತಾನಲ್ಲ, ಅದೇ ಕಣಿವೆ ಜಿಲೇಬಿ.”

“ಯಾರಿಗೆ ಅವ್ವಾರೆ?”

“ಯಾರಿಗೆ ಅಂದ್ರೆ? ಅಯ್ಯನೋರಿಗೆ. ಅವರಿಗೆ ಭಾಳ ಇಷ್ಟ.”

ಚಾಚಾ ಪಾತ್ರೆ ಕೆಳಗಿಟ್ಟು ಮೆಲ್ಲಗೆ ಕೇಳಿದನಂತೆ.

“ಕ್ಲೀನ್ ಮಾಡ್ಕಂಡು ತರ್ಲಾ ಅವ್ವಾರೆ?”

“ಮತ್ತೆ? ಅಯ್ಯನೋರಿಗೆ ಕೊಳಕು ತರ್ತೀಯಾ?”

ದೊಡ್ಡವರ ಮನೆಯ ವಿಷಯ, ಹೆಚ್ಚು ಕೇಳಬಾರದು ಎಂದು ಚಾಚಾ ತೀರ್ಮಾನಿಸಿದ. ಹೊರಗೆ ಒಂದು, ಒಳಗೆ ಒಂದು ಇರುವ ಮನೆಗಳನ್ನು ಅವನು ಕಂಡವನೇ. ಅಪ್ಪನನ್ನು ಕೇಳಿದರೆ ಅವ್ವಾರ ಗುಟ್ಟು ಬಯಲಾದೀತು ಎಂದು ಅವನನ್ನೂ ಕೇಳಲಿಲ್ಲ. ಅಜ್ಜಿಯಿಂದ ಅಪ್ಪನ ಗುಟ್ಟು ಕಾಯುತ್ತಿದ್ದವನು ಈಗ ಅಪ್ಪನಿಂದ ಅಜ್ಜಿಯದೂ ಒಂದು ಗುಟ್ಟು ಕಾದ.

ಸೋಮವಾರ ಮನೆಯಲ್ಲಿ ಗಿರಣಿ ನಿಂತಿತ್ತು. ಲೋಟಗಳು ಅಲುಗಾಡದೆ ಕೂತಿದ್ದವು, ಅದನ್ನು ನೋಡಿಯೇ ನನಗೆ ಕಸಿವಿಸಿ. ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಶಲ್ಯ ಹೊದ್ದು ಪಡಸಾಲೆಯಲ್ಲಿ ಅಯ್ಯನವರ ಎದುರು ಮಣೆಯ ಮೇಲೆ ಕೂತಿದ್ದ. ಹೊರಗೆ ನೀರು ಇಳಿಯುವ ಕಾಲ, ಗುಳಿ ತೋಡುವ ಕಾಲ. ಅವನ ಹೆಬ್ಬೆರಳು ಮಡಿಪಂಚೆಯ ಕೆಳಗೆ ಕುಣಿಯುತ್ತಿರುವುದು ನನಗೆ ಮಾತ್ರ ಕಾಣುತ್ತಿತ್ತು. ಆಗ ಚಾಚಾ ಹಿತ್ತಿಲ ಬಾಗಿಲಿಗೆ ಬಂದು ಮುಚ್ಚಳವಿದ್ದ ದೊಡ್ಡ ಸ್ಟೀಲ್ ಡಬ್ಬಿಯನ್ನು ನನ್ನ ಕೈಗಿಟ್ಟ.

“ಅವ್ವಾರಿಗೆ ಕೊಡು. ಯಾರಿಗೂ ತೋರಿಸ್ಬೇಡ” ಎಂದು ಹೇಳಿ ಬಂದ ಕಾಲಲ್ಲೇ ಹೊರಟುಹೋದ.

ನಾನು ಕೊಡುವ ಮೊದಲೇ ಅಜ್ಜಿ ಬಂದು ಡಬ್ಬಿ ತೆಗೆದುಕೊಂಡು, ಹೋಳಿಗೆಯ ಬುಟ್ಟಿಯ ಪಕ್ಕ ಹಲಗೆಯ ಮೇಲಿಟ್ಟಳು. ಜಿಲೇಬಿ ಬಂತು ಎಂದಳು. ಅಮ್ಮ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು, ತಿರುಗಿ ನೋಡಲಿಲ್ಲ. ಅಜ್ಜಿ ಪಡಸಾಲೆಗೆ ಹೋದಳು. ಡಬ್ಬಿಯ ಅಂಚಿನಿಂದ ಒಂದು ಹನಿ ಹಲಗೆಯ ಮೇಲೆ ಬಿತ್ತು. ಪಾಕ ಹಾಗೆ ಬೀಳುವುದಿಲ್ಲ. ನಾನು ಸ್ಟೂಲು ಹತ್ತಿ ಮುಚ್ಚಳವನ್ನು ಒಂದು ಬೆರಳಷ್ಟು ಎತ್ತಿದೆ. ತೊಳೆದು, ಅರಿಶಿನ ಹಚ್ಚಿ, ಒದ್ದೆ ಬಟ್ಟೆಯ ಮೇಲೆ ಒತ್ತಾಗಿ ಜೋಡಿಸಿದ ಜಿಲೇಬಿಗಳು. ದೂರದಿಂದ ನೋಡಿದರೆ ಬಣ್ಣವೂ ಹೆಚ್ಚು ಕಡಿಮೆ ಅದೇ. ಅಷ್ಟರಲ್ಲಿ ಪಡಸಾಲೆಯಿಂದ ಅಜ್ಜಿ ನನ್ನನ್ನು ಕೂಗಿದಳು.

“ಗಿರಿಜೀ, ಆ ಜಿಲೇಬಿ ಡಬ್ಬಿ ತಗಂಬಾರೆ. ಅಯ್ಯನೋರ ಎಲೆಗೆ ಮೊದ್ಲು ಅದೇ ಬೀಳ್ಲಿ.”

ಡಬ್ಬಿಯನ್ನು ಎದೆಗವಚಿಕೊಂಡು ಪಡಸಾಲೆಯ ಬಾಗಿಲಿಗೆ ಬಂದೆ. ಯಾಕೆ ಬಂದೆನೋ ಗೊತ್ತಿಲ್ಲ, ಅಪ್ಪನ ಮುಖ ನೋಡಲು ಇರಬೇಕು. ಜಿಲೇಬಿ ಎಂಬ ಮಾತು ಕೇಳಿಯೇ ಅವನ ಬಣ್ಣ ಇಳಿದಿತ್ತು. ನನ್ನ ಕೈಯಲ್ಲಿದ್ದ ಡಬ್ಬಿಯ ಮೇಲೆ ಬುಡೇನ್ ಚಾಚಾ ಕೊರೆದ ತನ್ನ ಗುರುತು ಅವನಿಗೆ ಕಂಡಿತು. ಅವನ ಕೈಯಲ್ಲಿದ್ದ ಆರತಿ ತಟ್ಟೆ ವಾಲಿತು, ಥೇಟ್ ಚಳಿಗಾಲದ ಬೆಂಡಿನ ಹಾಗೆ. ಇನ್ನೇನು ಕೋಲು ಮುರಿಯಿತು ಎಂದುಕೊಂಡೆ. ಹಿತ್ತಿಲಲ್ಲಿ ಪಾತ್ರೆ ತೊಳೆಯುವವರು ಕೂತಿದ್ದರು, ಅತ್ತ ಹೋಗುವಂತಿರಲಿಲ್ಲ. ನಾನು ಅಯ್ಯನವರ ಎಲೆ, ದೀಪ, ಅಜ್ಜಿಯ ಚಾಚಿದ ಕೈ ಎಲ್ಲವನ್ನೂ ದಾಟಿಕೊಂಡು ಗಿರಣಿಯ ಬಾಗಿಲಿನಿಂದ ಬೀದಿಗೆ ಓಡಿದೆ. ಹಿಂದೆ ಎಲ್ಲರೂ ಒಟ್ಟಿಗೆ ಮಾತಾಡುವುದು ಕೇಳಿಸಿತು, ಅವರ ನಡುವೆ ಅಯ್ಯನವರ ನಿಧಾನದ ದನಿ.

“ತಿನ್ಲಿ ಬಿಡ್ರಿ ಮಗು. ಅದೂ ಪ್ರಸಾದವೇ.”

ಚಾಚಾನ ಅಂಗಡಿಯವರೆಗೆ ನಿಲ್ಲಲಿಲ್ಲ. ಡಬ್ಬಿ ಕೆಳಗಿಟ್ಟು ನಾನು ಹೇಳಿದ್ದನ್ನು ಕೇಳಿ ಅವನು ತಿದಿಯ ಪಕ್ಕ ಕುಸಿದು ಕೂತ. ಆಗಲೇ ಶನಿವಾರದ ಮಾತು ಹೇಳಿದ್ದು. ಅವನ ಹೆಂಡತಿ ಡಬ್ಬಿ ಖಾಲಿ ಮಾಡಿ, ಹುಣಸೆಹಣ್ಣು ಹಾಕಿ ಎರಡು ಸಲ, ಸೀಗೆಪುಡಿ ಹಾಕಿ ಒಂದು ಸಲ ಉಜ್ಜಿ ತೊಳೆದುಕೊಟ್ಟಳು. ಅಯ್ಯನವರು ಹೋಗುವ ಹೊತ್ತಿನವರೆಗೂ ಅಲ್ಲೇ ಕೂರಲಾಗದೆ, ನಿಲ್ಲಲಾಗದೆ ಗಲ್ಲಿಯ ಈ ತುದಿಯಿಂದ ಆ ತುದಿಗೆ ನಡೆದೆ. ಮನೆಗೆ ಬಂದಾಗ ಅಜ್ಜಿ ಕಂಬಕ್ಕೊರಗಿ ಕೂತಿದ್ದಳು, ಅಪ್ಪ ಇನ್ನೂ ಶಲ್ಯ ಹೊದ್ದುಕೊಂಡೇ ನಿಂತಿದ್ದ. ಅಜ್ಜಿ ಡಬ್ಬಿ ತೆಗೆದು ನೋಡಿದಳು.

“ಅಷ್ಟೂ ತಿಂದ್ಯಾ?”

ಅಪ್ಪ ಬಾಯಿ ತೆರೆದ. ಹೇಳಲಿಕ್ಕೇ ತೆರೆದ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತೆರೆದ ಬಾಯಿಂದ ಮಾತು ಬರಲು ಅವನು ತೆಗೆದುಕೊಂಡ ಆ ಹೊತ್ತು ಇದೆಯಲ್ಲ, ಅದನ್ನು ನಾನು ಇವತ್ತಿಗೂ ಅಳೆಯುತ್ತಿರುತ್ತೇನೆ. ಆ ಹೊತ್ತಿನಲ್ಲಿ ನನಗೆ ಗುಳಿಗಳ ಸಾಲು ಕಂಡಿತು, ಹುಲ್ಲಿನ ನಡುವೆ ಬಾಲಗಳು ಕಂಡವು, ಒಲೆಯಲ್ಲಿ ಕೋಲು ಕಂಡಿತು.

“ಹೂಂ. ತಿಂದೆ” ಎಂದೆ.

ಅಪ್ಪ ಬಾಯಿ ಮುಚ್ಚಿದ. ಎರಡು ಕೆಜಿ ತಿಂದ ಹೊಟ್ಟೆಗೆ ಏನಾಗುವುದೋ ಎಂದು ಅಜ್ಜಿ ನನಗೆ ಎರಡು ದಿನ ಓಂಕಾಳಿನ ಕಷಾಯ, ತೆಳ್ಳನೆ ಗಂಜಿ ಬಿಟ್ಟು ಬೇರೇನೂ ಕೊಡಲಿಲ್ಲ. ಮನೆ ತುಂಬ ಹೋಳಿಗೆಯ ವಾಸನೆ. ಅಮ್ಮನಿಗೆ ವಿಷಯ ತಿಳಿದು, ಅಜ್ಜಿ ಕಾಣದ ಹಾಗೆ ಒಂದು ಹೋಳಿಗೆ ತಂದಳು. ಸಿಟ್ಟಿಗೆ ನಾನೇ ಮುಟ್ಟಲಿಲ್ಲ. ಸುಳ್ಳು ನನ್ನದೇ, ಹಸಿವೂ ನನ್ನದೇ ಇರಲಿ ಎಂಬ ಹಟ. ಬೀದಿಯಲ್ಲಿ, ಶಾಲೆಯಲ್ಲಿ, ಬಂಧುಗಳಲ್ಲಿ ನಾನು ಜಿಲೇಬಿ ಕಳ್ಳಿಯಾದೆ. ಅಯ್ಯನವರ ಎಲೆಗೆ ಬೀಳಬೇಕಾದದ್ದನ್ನು ಕದ್ದು ತಿಂದವಳು ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು, ಎಲ್ಲರೂ ನಗುತ್ತಿದ್ದರು.

ಶಿವರಾತ್ರಿ ಕಳೆದು ಮುಂದಿನ ಭಾನುವಾರ ಅಪ್ಪ ಕಣಿವೆಗೆ ಕರೆದುಕೊಂಡು ಹೋದ. ಇಳಿದ ನೀರಿನ ಅಂಚಿನಲ್ಲಿ ಗುಳಿಗಳು ತುಂಬಿದ್ದವು. ತಾನು ಕೂರುವ ಕಲ್ಲಿನ ಮೇಲೆ ನನ್ನನ್ನು ಕೂರಿಸಿ ಕೋಲು ನನ್ನ ಕೈಗೆ ಕೊಟ್ಟ. ಅದುವರೆಗೆ ಕೊಟ್ಟಿರಲಿಲ್ಲ. ಬಹಳ ಹೊತ್ತು ಬೆಂಡು ಅಲುಗಲಿಲ್ಲ.

“ಗಂಡು ಗುಳಿ ಕಾಯ್ತಾವೆ” ಎಂದ ಅಪ್ಪ. “ಹೆಣ್ಣು ಈಗ ಮೇವು ಮುಟ್ಟಲ್ಲ. ಮರಿ ಬಾಯಲ್ಲಿ ಇಟ್ಕಂಡಿರ್ತೈತೆ. ಅವು ಈಜೋತನಕ ಬಾಯಿ ಬಿಡಂಗಿಲ್ಲ, ತಿನ್ನಂಗಿಲ್ಲ.”

“ಎಷ್ಟು ದಿನ?”

“ಹದಿನೈದು ದಿನ ಇರ್ಬೋದು.” ಆಮೇಲೆ ನೀರು ನೋಡುತ್ತ ಹೇಳಿದ: “ನಾನು ಹೇಳ್ಬೇಕಾಗಿತ್ತು ಕಣವ್ವ ಅವತ್ತು.”

“ಹೇಳಿದ್ರೆ ಇವತ್ತು ಇಲ್ಲಿ ಇರ್ತಿದ್ವಾ?”

ಅವತ್ತು ನನಗೆ ಒಂದು ಮೀನು ಸಿಕ್ಕಿತು, ಅಂಗೈಯಷ್ಟು. ಅಪ್ಪ ಅದನ್ನು ಬಿಡಿಸಿ ನೀರಿಗೆ ಬಿಟ್ಟ. ಅದರ ನಂತರ ಎಂಟು ಬೇಸಿಗೆ, ಎಂಟು ಸ್ವಾತಿ ಅವನ ಜೊತೆ ಆ ನೀರಿಗೆ ಇಳಿದೆ. ಹೆಸರು ಕೆಡಿಸಿಕೊಂಡು ಗಳಿಸಿದ್ದು ಎಂಬ ಧಿಮಾಕು ಇತ್ತು. ಅಪ್ಪ ಮಾತ್ರ ಅಜ್ಜಿ ಕಥೆ ಶುರು ಮಾಡಿದಾಗಲೆಲ್ಲ ಎದ್ದು ಗಿರಣಿಗೆ ಹೋಗಿಬಿಡುತ್ತಿದ್ದ.

ನನ್ನನ್ನು ಹೊಸದುರ್ಗದ ಕಡೆ ಕೊಟ್ಟರು. ಮದುವೆಯ ಊಟಕ್ಕೆ ಗಂಡಿನ ಕಡೆಯವರು ಕೂತಾಗ ಅಜ್ಜಿ ಅಲ್ಲೂ ಅದೇ ಕಥೆ ಹೇಳಿದಳು. ಇವಳ ಕೈಗೆ ಜಿಲೇಬಿ ಡಬ್ಬಿ ಕೊಡಬೇಡ್ರಿ ಎಂದಳು. ಪಂಕ್ತಿಯೆಲ್ಲ ನಕ್ಕು ನನ್ನ ಎಲೆಗೆ ಜಿಲೇಬಿಯ ಗುಡ್ಡೆ ಹಾಕಿತು. ಪಲ್ಯ ಬಡಿಸುತ್ತಿದ್ದ ಅಪ್ಪ ಸೌಟು ಹಿಡಿದು ನಿಂತು ಮತ್ತೆ ಬಾಯಿ ತೆರೆದ. ನಾನು ದೂರದಿಂದಲೇ ಬೇಡ ಎಂದು ತಲೆಯಾಡಿಸಿದೆ. ಸಂಜೆ ಹೊರಡುವ ಮುಂಚೆ ಅಜ್ಜಿ ದೇವರ ಕೋಣೆಯಲ್ಲಿ ಮಡಿಲು ತುಂಬಿದಳು. ಅಕ್ಕಿ, ಕೊಬ್ಬರಿ, ಬೆಲ್ಲ, ಕೊನೆಗೆ ಬಟ್ಟೆಯ ತುಣುಕಿನಲ್ಲಿ ಕಟ್ಟಿದ ಒಂದು ಗಂಟು. ವಾಸನೆಗೇ ತಿಳಿಯಿತು, ನಿಂಬೆಹಣ್ಣಿನಷ್ಟು ದೊಡ್ಡ ಇಂಗಿನ ಮುದ್ದೆ.

“ಇದ್ಯಾಕಜ್ಜಿ ಇಷ್ಟು?”

“ನಿನ್ನ ಗಂಡನ ಊರಿಗೆ ಹಿನ್ನೀರು ಹತ್ರ ಅಂತೆ. ಅಲ್ಲಿ ಒಳ್ಳೇದು ಸಿಗುತ್ತೋ ಇಲ್ವೋ.”

ನಾನು ಅವಳನ್ನೇ ನೋಡಿದೆ. ಅವಳು ನನ್ನ ಸೆರಗು ಸರಿ ಮಾಡುತ್ತ, ದನಿ ತಗ್ಗಿಸಿ ಹೇಳಿದಳು.

“ಅವತ್ತು ಡಬ್ಬಿ ಇಟ್ಟಿದ್ದ ಹಲಗೆ ನಾನೇ ತೊಳ್ದೆ. ಉಗುರಿನಷ್ಟಗಲ ಹೊಳೆಯೋದೊಂದು ಅಂಟ್ಕಂಡಿತ್ತು. ಅದು ಏನು ಅಂತ ಕೇಳಿ ತಿಳ್ಕಳಾಕೆ ನಂಗೆ ಯಾರೂ ಬೇಕಾಗಲಿಲ್ಲ.”

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

“ಮತ್ಯಾಕೆ ನನ್ನ ಕಳ್ಳಿ ಕಳ್ಳಿ ಅಂದೆ? ಇವತ್ತೂ ಅಂದ್ಯಲ್ಲ, ಅಷ್ಟು ಜನರ ಮುಂದೆ?”

“ನೀನು ಕಳ್ಳಿ ಅಂದ್ರೆ ಜನ ನಗ್ತಾರೆ. ಅವನ ಸುದ್ದಿ ಎದ್ರೆ ನಾನೇ ಆ ಕೋಲು ಮುರೀಬೇಕಾಗಿತ್ತು. ಮುರಿದ್ರೆ ಅವನು ಮನೇಲಿ ಕುಂತ್ಕಳ್ತಿದ್ನೇನೆ?” ಕುಂಕುಮ ಹಚ್ಚಿ, ನನ್ನ ಗಲ್ಲ ಹಿಡಿದಳು. “ಅವನಿಗೆ ಹೇಳ್ಬೇಡ. ನಂಗೆ ಗೊತ್ತು ಅಂತ ತಿಳಿದ್ರೆ ಅವತ್ತೇ ಬಿಟ್ಬಿಡ್ತಾನೆ.”

ಹೇಳಲಿಲ್ಲ. ಅಜ್ಜಿ ಹೋದ ಮೇಲೂ ಹೇಳಲಿಲ್ಲ. ಅವ್ವನಿಗೆ ಕೊನೆಯವರೆಗೂ ಮೋಸ ಮಾಡಿದೆ ಎಂದು ಅಪ್ಪ ಒಮ್ಮೆ ನನ್ನೆದುರು ಕಣ್ಣು ಒರೆಸಿಕೊಂಡಾಗ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗಲೂ ನುಂಗಿದೆ, ಅದು ಸ್ವಾತಿಯ ವಾರ, ನಾಳೆ ಅವನು ನೀರಿಗೆ ಹೋಗಬೇಕಿತ್ತು. ಈಗ ಅಪ್ಪನೂ ಇಲ್ಲ, ಚಾಚಾನೂ ಇಲ್ಲ. ಈಚಿನ ವರ್ಷಗಳಲ್ಲಿ ಕಣಿವೆ ತುಂಬಿ ಅಪ್ಪ ಕೂರುತ್ತಿದ್ದ ಕಲ್ಲು ಎಷ್ಟೋ ಆಳಕ್ಕೆ ಹೋಗಿದೆ. ನೀರು ಹೊಸ ಹುಲ್ಲಿಗೆ, ಯಾರದೋ ಹೊಲದ ಬದುವಿಗೆ ಏರಿದೆ, ನಾನು ಹೊಸ ದಡ ಹುಡುಕಿಕೊಂಡಿದ್ದೇನೆ. ಗೋಧಿ ಹಿಟ್ಟು, ಬೆಲ್ಲ, ಇಂಗು ಕಲಸಿ, ಚಪ್ಪಲಿ ಬಿಟ್ಟು, ಪಾದ ಮುಳುಗುವ ನೀರಿನಲ್ಲಿ ಉಸಿರು ಹಿಡಿದು ನಿಲ್ಲುತ್ತೇನೆ. ಮನೆಯಲ್ಲಿ ಸಾರಿಗೆ ಇಂಗಿಲ್ಲ ಎಂದು ಮಗಳು ಫೋನು ಮಾಡುತ್ತಾಳೆ, ಎತ್ತುವುದಿಲ್ಲ. ಹೆಣ್ಣು ಮೀನು ಹದಿನೈದು ದಿನ ಬಾಯಿ ಬಿಡುವುದಿಲ್ಲ ಎಂದಿದ್ದ ಅಪ್ಪ. ನಾನು ಐವತ್ತು ವರ್ಷ ಬಾಯಿ ಬಿಡದೆ ಇಟ್ಟುಕೊಂಡಿದ್ದೆ, ಇವತ್ತು ಇಲ್ಲಿ ಬರೆದು ನೀರಿಗೆ ಬಿಟ್ಟಿದ್ದೇನೆ.